ತೋಳಿಗೆ ಅಂಟಿಸುವ ಶುಗರ್ ಸೆನ್ಸರ್: ಹದಿನಾಲ್ಕು ಬ್ಲೌಸಿನ ದುಡ್ಡಿಗೆ ಸಿಕ್ಕಿದ್ದೇನು?

ಮೊದಲು ಬೆಲೆ ಹೇಳಿಬಿಡುತ್ತೇನೆ. ಎಲ್ಲರೂ ಕೇಳುವುದು ಅದನ್ನೇ ಅಲ್ವಾ? ತೋಳಿಗೆ ಅಂಟಿಸಿಕೊಂಡರೆ ಹಗಲೂ ರಾತ್ರಿ ಶುಗರ್ ಎಷ್ಟಿದೆ ಅಂತ ಫೋನಿನಲ್ಲಿ ತೋರಿಸುವ ಇಂಥ ಒಂದು ಸೆನ್ಸರಿಗೆ 4,900 ರೂಪಾಯಿ ಬಿತ್ತು. ಕೆಲಸ ಮಾಡುವುದು 14 ದಿನ. ಆಮೇಲೆ ಕಿತ್ತು ಎಸೆಯಬೇಕು. ಮತ್ತೆ ಬೇಕಾದರೆ ಮತ್ತೆ ಅಷ್ಟೇ ದುಡ್ಡು ಎಣಿಸಬೇಕು.

ನಾನು ಮಂಡ್ಯದಲ್ಲಿ ಬ್ಲೌಸ್ ಹೊಲಿಯುವವಳು. ಗುತ್ತಲು ರಸ್ತೆ ಕಡೆ ನಮ್ಮ ಮನೆ, ಮುಂದಿನ ರೂಮೇ ಅಂಗಡಿ. ಲೈನಿಂಗ್ ಬ್ಲೌಸಿಗೆ 350 ರೂಪಾಯಿ. ಲೆಕ್ಕ ಹಾಕಿ ನೋಡಿ, ಹದಿನಾಲ್ಕು ಬ್ಲೌಸ್ ಹೊಲಿದರೆ ಒಂದು ಸೆನ್ಸರ್. ದಿನಕ್ಕೊಂದು ಬ್ಲೌಸು ಅದಕ್ಕೇ ಹೋಯಿತು. ದಾರ, ಕರೆಂಟು, ಹುಕ್ಕು ಹಾಕುವ ಹುಡುಗಿಯ ಕೂಲಿ ಇದರಲ್ಲಿ ಸೇರಿಲ್ಲ.

ಕಂಪನಿ ಹೆಸರು ಬರೆಯುತ್ತಿಲ್ಲ. ಈಗ ಬೇರೆ ಬೇರೆ ಕಂಪನಿಯವು ಸಿಗುತ್ತವೆ, ನಾನು ಬಳಸಿರುವುದು ಒಂದನ್ನೇ. ಇಂಥ ಸೆನ್ಸರ್ ತೆಗೆದುಕೊಳ್ಳಬೇಕಾ ಬೇಡವಾ ಅಂತ ಯೋಚನೆ ಮಾಡುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ.

ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷದ ಮೇಲಾಯಿತು. ಟೈಪ್ 2. ಬೆಳಿಗ್ಗೆ, ರಾತ್ರಿ ಮಾತ್ರೆ. ಮಲಗುವ ಮುಂಚೆ ಪೆನ್ನಿನಲ್ಲಿ ಒಂದು ಸಲ ಇನ್ಸುಲಿನ್. ಇನ್ಸುಲಿನ್ ಶುರುವಾದ ಮೇಲೆ ಮನೆಯಲ್ಲೇ ಜಾಸ್ತಿ ಚೆಕ್ ಮಾಡಿಕೊಳ್ಳಿ ಅಂದರು ಡಾಕ್ಟರು. ಚೆಕ್ ಮಾಡುವುದು ಅಂದರೆ ಬೆರಳು ಚುಚ್ಚುವುದು. ಬೇರೆಯವರಿಗೆ ಅದು ಚಿಕ್ಕ ವಿಷಯ ಇರಬಹುದು. ನನ್ನ ಅನ್ನ ಇರುವುದು ಬೆರಳ ತುದಿಯಲ್ಲಿ. ಎಡಗೈ ನಡುಬೆರಳು, ಉಂಗುರ ಬೆರಳು ಸದಾ ಬಟ್ಟೆಯ ಅಡಿಯಲ್ಲಿರುತ್ತವೆ. ಸೂಜಿ ಎಲ್ಲಿ ಬಂತು ಅಂತ ಗೊತ್ತಾಗುವುದು ಅವುಗಳಿಂದಲೇ. ಚುಚ್ಚಿ ಚುಚ್ಚಿ ಅಲ್ಲಿ ಚರ್ಮ ದಪ್ಪ ಕಟ್ಟಿದೆ. ತುದಿಯಲ್ಲಿ ಬೇಡ, ಪಕ್ಕದಲ್ಲಿ ಚುಚ್ಚಿ, ನೋವು ಕಮ್ಮಿ ಅಂತ ನರ್ಸ್ ಹೇಳಿಕೊಟ್ಟರು, ನಿಜವೇ. ಆದರೂ ಕೆನೆ ಬಣ್ಣದ ರೇಷ್ಮೆ ಮುಟ್ಟುವ ಮುಂಚೆ ಬೆರಳನ್ನು ಹತ್ತಿಗೆ ಒತ್ತಿ, ಕೆಂಪು ಅಂಟಲಿಲ್ಲ ಅಂತ ನೋಡಿಕೊಂಡೇ ಕತ್ತರಿ ಹಿಡಿಯುತ್ತೇನೆ. ಇದನ್ನೆಲ್ಲ ನೋಡಿ ಬೆಂಗಳೂರಿನಲ್ಲಿರುವ ಮಗಳು ಆನ್‌ಲೈನಲ್ಲಿ ಸೆನ್ಸರ್ ತರಿಸಿ ಕಳಿಸಿದಳು. ಅವಳ ಸಂಬಳದ ದುಡ್ಡು. ಅದಕ್ಕೂ ಒಂದು ಸಂಕಟ ಆಗುತ್ತದೆ, ಬಿಡಿ.

ಹಾಕಿಕೊಳ್ಳುವುದು ಸುಲಭ. ತೋಳಿನ ಹಿಂಭಾಗವನ್ನು ಸ್ಪಿರಿಟಿನಿಂದ ಒರೆಸಿ, ಒಣಗಿಸಿ, ಡಬ್ಬಿಯಂಥ ಅಪ್ಲಿಕೇಟರನ್ನು ಇಟ್ಟು ಒತ್ತಬೇಕು. ಟಕ್ ಅಂತ ಸದ್ದು ಬಂತು, ಅಷ್ಟೇ. ಚುಚ್ಚಿದ್ದು ಗೊತ್ತೂ ಆಗಲಿಲ್ಲ. ಸೂಜಿ ವಾಪಸ್ ಬರುತ್ತದೆ, ಕೂದಲಿನಷ್ಟು ಸಣ್ಣ ಎಳೆ ಮಾತ್ರ ಚರ್ಮದ ಒಳಗೆ ಉಳಿಯುತ್ತದೆ. ಒಂದು ಗಂಟೆ ಕಾದರೆ ಫೋನಿನಲ್ಲಿ ನಂಬರು ಶುರು.

ಫೋನಿನ ವಿಷಯ ಕೊಳ್ಳುವ ಮುಂಚೆಯೇ ನೋಡಿಕೊಳ್ಳಿ. ನನಗೆ ಬಂದ ಸೆನ್ಸರನ್ನು ಶುರು ಮಾಡಲು ಫೋನಿನಲ್ಲಿ, ಹತ್ತಿರ ಹಿಡಿದರೆ ತಂತಿಯಿಲ್ಲದೆ ಓದಿಕೊಳ್ಳುವ ಎನ್‌ಎಫ್‌ಸಿ ಇರಬೇಕು. ಕಮ್ಮಿ ಬೆಲೆಯ ಎಷ್ಟೋ ಫೋನುಗಳಲ್ಲಿ ಅದು ಇರುವುದಿಲ್ಲ, ನನ್ನದರಲ್ಲೂ ಇರಲಿಲ್ಲ. ಮಗಳು ತನ್ನ ಹಳೇ ಫೋನ್ ಕೊಟ್ಟಳು. ಇಲ್ಲದಿದ್ದರೆ ಐದು ಸಾವಿರದ ಸೆನ್ಸರಿಗೆ ಹತ್ತು ಸಾವಿರದ ಫೋನು ಬೇರೆ. ಆ್ಯಪ್ ಪೂರ್ತಿ ಇಂಗ್ಲಿಷಿನಲ್ಲಿದೆ. ನಂಬರು, ಬಾಣದ ಗುರುತು, ಬಣ್ಣ ನೋಡಿ ಅರ್ಥ ಮಾಡಿಕೊಳ್ಳಬಹುದು. ಬಾಣ ಮೇಲಕ್ಕಿದ್ದರೆ ಶುಗರ್ ಏರುತ್ತಿದೆ, ಕೆಳಗಿದ್ದರೆ ಇಳಿಯುತ್ತಿದೆ. ನಂಬರಿಗಿಂತ ಆ ಬಾಣವೇ ನನಗೆ ಜಾಸ್ತಿ ಉಪಯೋಗಕ್ಕೆ ಬಂತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನನಗೆ ಬೆಳಗಿನ ಖಾಲಿ ಹೊಟ್ಟೆಯ ಶುಗರ್ ಯಾವಾಗಲೂ ಜಾಸ್ತಿ. ರಾತ್ರಿ ಮಲಗುವಾಗ 130 ಇದ್ದರೂ ಬೆಳಿಗ್ಗೆ ಎದ್ದರೆ 170, 180. ನಮ್ಮ ಮನೆಯಲ್ಲಿ ಇದಕ್ಕೆ ಒಂದೇ ಅರ್ಥ. ರಾತ್ರಿ ಎದ್ದು ಏನೋ ತಿಂದಿದ್ದಾಳೆ. ನಮ್ಮೆಜಮಾನರು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಬೆಲ್ಲದ ಡಬ್ಬಿ ಅಟ್ಟಕ್ಕೆ ಹೋಯಿತು. ಹಬ್ಬ ಕಳೆದ ಮಾರನೇ ದಿನ ಮಿಕ್ಕ ಒಬ್ಬಟ್ಟನ್ನು ಪಕ್ಕದ ಮನೆಗೆ ಸಾಗಿಸಿದ್ದೂ ಆಯಿತು. ಅತ್ತೆಯಂತೂ ನೇರವಾಗಿ, "ಬಾಯಿ ಕಟ್ಟದೆ ಮಾತ್ರೆ ನುಂಗಿದ್ರೆ ಏನ್ ಬಂತು" ಅನ್ನುತ್ತಾರೆ. ಕೆಲವು ವರ್ಷ ಕೇಳಿಸಿಕೊಂಡರೆ ನಮಗೇ ನಮ್ಮ ಮೇಲೆ ಅನುಮಾನ ಬರುತ್ತದೆ. ನಿದ್ದೆಗಣ್ಣಿನಲ್ಲಿ ಎದ್ದು ತಿಂದಿದ್ದೇನಾ ಅಂತ.

ಸೆನ್ಸರ್ ರಾತ್ರಿಯ ಗೆರೆಯನ್ನು ಪೂರ್ತಿ ತೋರಿಸಿತು. ಹತ್ತು ಗಂಟೆಯಿಂದ ಮೂರೂವರೆ ತನಕ ಗೆರೆ ಹಾಸಿದ ಹಾಗೆ ಸಮವಾಗಿದೆ. ನಾಲ್ಕರ ಹೊತ್ತಿಗೆ ತಾನಾಗಿಯೇ ಏರಲು ಶುರು. ನಾನು ಮಲಗಿದ್ದೇನೆ, ಪಕ್ಕದಲ್ಲಿ ಅವರೂ ಮಲಗಿದ್ದಾರೆ, ಯಾರೂ ಏನೂ ತಿಂದಿಲ್ಲ. ಎಲ್ಲಾ ರಾತ್ರಿಯದ್ದೂ ಹೀಗೇ. ಡಾಕ್ಟರಿಗೆ ತೋರಿಸಿದೆ. ಇದಕ್ಕೆ ಡಾನ್ ಫಿನಾಮಿನನ್ ಅನ್ನುತ್ತಾರೆ ಅಂದರು. ಏಳುವ ಹೊತ್ತಿಗೆ ಮೈಯಲ್ಲಿ ಕಾರ್ಟಿಸಾಲ್, ಗ್ರೋತ್ ಹಾರ್ಮೋನ್ ಥರದವು ಜಾಸ್ತಿಯಾಗುತ್ತವೆ, ಲಿವರ್ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ಕಾಯಿಲೆ ಇಲ್ಲದವರಲ್ಲಿ ಇನ್ಸುಲಿನ್ ಅದನ್ನು ತಡೆಯುತ್ತದೆ, ನಿಮ್ಮಲ್ಲಿ ಅಷ್ಟು ಇನ್ಸುಲಿನ್ ಕೆಲಸ ಮಾಡುವುದಿಲ್ಲ. ಇಷ್ಟೇ ವಿಷಯ. ಇನ್ಸುಲಿನ್ ಅಳತೆಯನ್ನು ಅವರೇ ಸ್ವಲ್ಪ ಬದಲಿಸಿದರು.

ಆ ದಿನ ಮನೆಗೆ ಬಂದು ಫೋನನ್ನು ಊಟದ ಟೇಬಲ್ ಮೇಲಿಟ್ಟು ಗೆರೆ ತೋರಿಸಿದೆ. ನಮ್ಮೆಜಮಾನರು ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ಮೂರೂವರೆಗೆ ನೀನು ಗೊರಕೆ ಹೊಡೀತಿದ್ದೆ, ನನಗೇ ಗೊತ್ತು" ಅಂದರು. ಕ್ಷಮೆ ಕೇಳುವ ಜಾಯಮಾನ ಅವರದ್ದಲ್ಲ. ಬೆಲ್ಲದ ಡಬ್ಬಿ ಅಟ್ಟದಿಂದ ಇಳಿಯಿತು. 4,900 ರೂಪಾಯಿಯಲ್ಲಿ ನಾಲ್ಕು ಸಾವಿರ ಅಲ್ಲೇ ವಸೂಲಾಯಿತು ಅಂತ ನನ್ನ ಲೆಕ್ಕ.

ಊಟದ ವಿಷಯದಲ್ಲಿ ಕಲಿತದ್ದು ಬಹಳ. ಮಂಡ್ಯದಲ್ಲಿ ಸಕ್ಕರೆ ಕಾಯಿಲೆ ಇದೆ ಅಂದರೆ ಸಾಕು, "ಅನ್ನ ಬುಡು, ಮುದ್ದೆ ಉಣ್ಣು" ಅನ್ನುವವರೇ ಎಲ್ಲ. ನಾನೂ ಎರಡು ಹೊತ್ತು ಮುದ್ದೆ ತಿಂದವಳೇ. ಒಂದು ದೊಡ್ಡ ಮುದ್ದೆ, ತಿಳಿಸಾರು, ಬೇರೇನೂ ಇಲ್ಲ. ಶುಗರ್ 231ಕ್ಕೆ ಹೋಯಿತು. ಮತ್ತೊಂದು ದಿನ ಅರ್ಧ ಮುದ್ದೆ, ಹುರುಳಿಕಾಳಿನ ಉಪ್ಸಾರು, ತಟ್ಟೆ ತುಂಬ ಸೊಪ್ಪಿನ ಪಲ್ಯ. ಪಲ್ಯ, ಕಾಳು ಮೊದಲು ತಿಂದು ಮುದ್ದೆಯನ್ನು ಕೊನೆಗೆ ಮುಟ್ಟಿದೆ. 176ಕ್ಕೆ ನಿಂತಿತು. ರಾಗಿ ಒಳ್ಳೆಯದೇ, ಇಲ್ಲ ಅನ್ನುತ್ತಿಲ್ಲ. ಆದರೆ ನುಣ್ಣಗೆ ಬೀಸಿದ ಹಿಟ್ಟು ಬೇಗ ಅರಗಿ ಬೇಗ ಏರುತ್ತದೆ. ಮುದ್ದೆಯ ಗಾತ್ರಕ್ಕೂ ಜೊತೆಗೆ ಏನಿದೆ ಅನ್ನುವುದಕ್ಕೂ ಬೆಲೆ ಇದೆ. ಇದನ್ನು ನಮ್ಮತ್ತೆಗೆ ಹೇಳಿದರೆ ಮುದ್ದೆಯ ಮೇಲೇ ಚಾಡಿ ಹೇಳ್ತಾಳೆ ಅಂತ ಮುಖ ತಿರುಗಿಸಿದರು.

ಬೆಲ್ಲದ ಕಾಫಿಯದ್ದೂ ಇದೇ ಕಥೆ. ಅಣ್ಣ ಊರಿನಿಂದ ಆಲೆಮನೆ ಬೆಲ್ಲ ತಂದುಕೊಡುತ್ತಾನೆ. ಕೆಮಿಕಲ್ ಹಾಕದ್ದು, ಏನೂ ಆಗಲ್ಲ ಅಂತ ಅವನ ವಾದ. ಸಕ್ಕರೆ ಹಾಕಿದ ಕಾಫಿಗೆ ಬಾಣ ಹೇಗೆ ಮೇಲಕ್ಕೆ ಹೋಯಿತೋ ಬೆಲ್ಲದ ಕಾಫಿಗೂ ಹಾಗೇ ಹೋಯಿತು. ಬೆಲ್ಲವೂ ಕಬ್ಬಿನ ಹಾಲೇ ತಾನೇ, ಅದರಲ್ಲಿ ಬಹುಪಾಲು ಇರುವುದು ಸಕ್ಕರೆಯ ಅಂಶವೇ. ಕಬ್ಬು ಬೆಳೆಯುವ ಊರಲ್ಲಿ ಇದನ್ನು ಜೋರಾಗಿ ಹೇಳುವ ಹಾಗಿಲ್ಲ. ಊಟ ಆದ ಮೇಲೆ ಸ್ಟೇಡಿಯಂ ಕಡೆಗೆ ಕಾಲು ಗಂಟೆ ನಡೆದು ಬಂದರೆ ಬಾಣ ಅಡ್ಡಕ್ಕೆ ತಿರುಗುತ್ತದೆ. ಅದಕ್ಕೆ ಕಾಸು ಖರ್ಚಿಲ್ಲ.

ಇನ್ನೊಂದು ಸಂಗತಿ ನೋಡಿ ನನಗೇ ಆಶ್ಚರ್ಯವಾಯಿತು. ಮದುವೆ ಸೀಸನ್ನಿನಲ್ಲಿ ಒಂದು ಮಧ್ಯಾಹ್ನ, ಮಾರನೇ ದಿನದ ಧಾರೆಗೆ ಬೇಕಾದ ಬ್ಲೌಸಿನ ತೋಳು ಹಿಡಿಯುತ್ತಿದೆ ಅಂತ ಹುಡುಗಿಯ ತಾಯಿ ಬಂದು ಕೂಗಾಡಿದರು. ಊಟ ಇನ್ನೂ ಆಗಿರಲಿಲ್ಲ, ಕಾಫಿ ಕೂಡ ಕುಡಿದಿರಲಿಲ್ಲ. ಅವರು ಹೋದ ಮೇಲೆ ಫೋನ್ ನೋಡಿದರೆ 148 ಇದ್ದದ್ದು 190 ದಾಟಿದೆ. ಟೆನ್ಷನ್ ಆದಾಗ ಅಡ್ರಿನಲಿನ್, ಕಾರ್ಟಿಸಾಲ್ ಬಂದು ಸಕ್ಕರೆ ಏರಿಸುತ್ತವೆ ಅಂತ ಡಾಕ್ಟರು ಯಾವತ್ತೋ ಹೇಳಿದ್ದರು. ಸುಮ್ನೆ ಸಮಾಧಾನಕ್ಕೆ ಹೇಳುತ್ತಾರೆ ಅಂದುಕೊಂಡಿದ್ದೆ. ಗಿರಾಕಿಯ ಬೈಗುಳಕ್ಕೂ ಒಂದು ಗೆರೆ ಇರುತ್ತದೆ ಅಂತ ಈಗ ಗೊತ್ತಾಯಿತು.

ಈಗ ಕೆಟ್ಟದ್ದು. ರಾತ್ರಿ ಎರಡು ಗಂಟೆಗೆ ಫೋನ್ ಬಡಿದುಕೊಂಡಿತು, ಶುಗರ್ 61 ಅಂತ. ಮನೆಯವರೆಲ್ಲ ಎದ್ದರು. ಮೂರು ಚಮಚ ಸಕ್ಕರೆ ಹಾಕಿ ನೀರು ಕಲಸಲು ಅತ್ತೆ ಅಡುಗೆಮನೆಗೆ ಓಡಿದರು. ನನಗೆ ಬೆವರಿಲ್ಲ, ನಡುಕ ಇಲ್ಲ. ಬೆರಳು ಚುಚ್ಚಿ ನೋಡಿದರೆ 118. ಆ ತೋಳಿನ ಮೇಲೇ ಮಲಗಿದ್ದೆ. ಸೆನ್ಸರ್ ಒತ್ತಿಕೊಂಡರೆ ಹೀಗೆ ಸುಳ್ಳು ಲೋ (ಶುಗರ್ ತೀರಾ ಕಮ್ಮಿ ಅಂತ) ತೋರಿಸುತ್ತದಂತೆ. ಆ ಮಾತು ಪೆಟ್ಟಿಗೆಯ ಜೊತೆ ಬಂದ ಪುಸ್ತಕದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿತ್ತು. ಹಾಗಂತ ಅಲಾರಂ ಬಂದಾಗ ಕಡೆಗಣಿಸಬೇಡಿ. ನಿಜವಾಗಿ 70ಕ್ಕಿಂತ ಕೆಳಗಿಳಿದಿದ್ದರೆ 15 ಗ್ರಾಂ ಸಕ್ಕರೆ ತೆಗೆದುಕೊಂಡು 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಅನುಮಾನ ಇದ್ದರೆ ಬೆರಳು ಚುಚ್ಚಲೇಬೇಕು. ಅಂದರೆ ಸೆನ್ಸರ್ ಬಂತು ಅಂತ, ಬೆರಳಿನ ರಕ್ತ ಹಾಕಿ ಮೀಟರಿನಲ್ಲಿ ನೋಡುವ ಸ್ಟ್ರಿಪ್ ಖರ್ಚು ಪೂರ್ತಿ ನಿಲ್ಲುವುದಿಲ್ಲ.

ಸೆನ್ಸರಿನ ನಂಬರಿಗೂ ಬೆರಳಿನ ನಂಬರಿಗೂ ತಾಳೆ ಬರುವುದಿಲ್ಲ ಅಂತ ಬಹಳ ಜನ ಸಿಟ್ಟಾಗುತ್ತಾರೆ. ಸೆನ್ಸರ್ ರಕ್ತವನ್ನು ಅಳೆಯುವುದೇ ಇಲ್ಲ. ಚರ್ಮದ ಕೆಳಗಿನ ನೀರಿನಲ್ಲಿ ಅಳೆಯುತ್ತದೆ. ಅಲ್ಲಿಗೆ ಸಕ್ಕರೆ ಬರುವುದು ಐದು ಹತ್ತು ನಿಮಿಷ ತಡ. ಊಟ ಆದ ಕೂಡಲೇ ಎರಡನ್ನೂ ಹೋಲಿಸಿದರೆ ಜಗಳವೇ. ಮೊದಲ ದಿನದ ನಂಬರನ್ನಂತೂ ಜಾಸ್ತಿ ನಂಬಬೇಡಿ. ಹಾಗೆ ನೋಡಿದರೆ ಮನೆಯ ಗ್ಲುಕೋಮೀಟರಿಗೂ ಅಂತರರಾಷ್ಟ್ರೀಯ ಗುಣಮಟ್ಟದ ಐಎಸ್‌ಒ ನಿಯಮದಲ್ಲಿ 100ರ ಮೇಲೆ ಶೇ 15ರಷ್ಟು ಆಚೀಚೆ ಆಗಲು ಅವಕಾಶ ಇದೆ. ನಿಜವಾಗಿ 200 ಇದ್ದದ್ದನ್ನು 170 ಅಂತ ತೋರಿಸಬಹುದು, 230 ಅಂತಲೂ ತೋರಿಸಬಹುದು. ಇದು ಗೊತ್ತಾದ ಮೇಲೆ ಹತ್ತು ಪಾಯಿಂಟಿಗೆಲ್ಲ ಎದೆ ಬಡಿದುಕೊಳ್ಳುವುದು ನನಗೆ ಕಮ್ಮಿಯಾಯಿತು.

ಮಗಳ ವಿಷಯ ಬರೆಯಲೋ ಬೇಡವೋ ಅಂತಿದ್ದೆ. ಓದುತ್ತಾಳೆ, ಓದಲಿ. ಈ ಆ್ಯಪಿನಲ್ಲಿ ನಂಬರನ್ನು ಇನ್ನೊಬ್ಬರ ಫೋನಿಗೂ ಕಳಿಸುವ ಸೌಕರ್ಯ ಇದೆ. ಅವಳೇ ಅದನ್ನು ಹಾಕಿಕೊಟ್ಟಿದ್ದಳು. ಒಳ್ಳೆಯ ಮನಸ್ಸಿನಿಂದಲೇ. ಆದರೆ ಎರಡು ಇಡ್ಲಿ ಜೊತೆ ಒಂದು ವಡೆ ತಿಂದು ಕೈ ತೊಳೆಯುವಷ್ಟರಲ್ಲಿ ಬೆಂಗಳೂರಿನಿಂದ ಫೋನು. "ಅಮ್ಮ, 210 ಆಗಿದೆ, ಏನ್ ತಿಂದೆ?" ಮೀಟಿಂಗಿನ ಮಧ್ಯ ನೋಡುತ್ತಾಳಂತೆ. ಅವಳಿಗೆ ಅಲ್ಲಿ ಕೆಲಸ ಆಗುವುದಿಲ್ಲ, ನನಗೆ ಇಲ್ಲಿ ಗಂಟಲಲ್ಲಿ ಇಳಿಯುವುದಿಲ್ಲ. ಫೋನ್ ಬರುತ್ತದೆ ಅಂತ ಹೆದರಿ ಮಧ್ಯಾಹ್ನದ ಊಟ ಅರ್ಧಕ್ಕೆ ನಿಲ್ಲಿಸಿದ್ದೂ ಉಂಟು. ಇನ್ಸುಲಿನ್ ತೆಗೆದುಕೊಳ್ಳುವವರು ಹಾಗೆ ಊಟ ಬಿಡುವುದು ಅಪಾಯ ಬೇರೆ. ಕಾಯಿಲೆ ಇರುವುದು ನನಗೆ, ಕಾವಲು ಕಾಯುವ ಆಯಾಸ ಅವಳಿಗೆ. ಕೊನೆಗೆ ಒಂದು ಭಾನುವಾರ ಅವಳು ಬಂದಾಗ ಕೂತು ಮಾತಾಡಿದೆವು. ಸ್ವಲ್ಪ ಅತ್ತಳು. ಅವಳ ಅಜ್ಜ, ಅಂದರೆ ನಮ್ಮಪ್ಪ, ಕಾಲಿನ ಗಾಯ ವಾಸಿಯಾಗದೆ ನರಳಿದ್ದನ್ನು ಚಿಕ್ಕವಳಿದ್ದಾಗ ಕಂಡಿದ್ದಾಳೆ. ಅವಳಿಗೆ 210 ಅಂದರೆ ಆ ಕಾಲು ನೆನಪಾಗುತ್ತದೆ. ನನಗೆ ಅದು ಗೊತ್ತೇ ಇರಲಿಲ್ಲ. ಈಗ ಅವಳ ಫೋನಿಗೆ ಲೋ ಅಲಾರಂ ಮಾತ್ರ ಹೋಗುತ್ತದೆ. ಊಟದ ಗೆರೆ ನನ್ನದು. ಸೆನ್ಸರ್ ಕೊಳ್ಳುವವರು ಯಾರಿಗೆ ಏನು ಕಾಣಿಸಬೇಕು ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ.

ಅಂಗಡಿಗೆ ಬರುವವರ ಮಾತು ಬೇರೆ. ಸೆಕೆಗೆ ಚಿಕ್ಕ ತೋಳಿನ ಬ್ಲೌಸ್ ಹಾಕಿದ್ದೆ. "ಏನಕ್ಕ, ತೋಳಿಗೇ ಬಟನ್ ಹೊಲ್ಕೊಂಡಿದ್ದೀರಾ?" ಅಂದಳು ಒಬ್ಬಳು. ನಕ್ಕುಬಿಟ್ಟೆ. ಇನ್ನೊಬ್ಬರು ಲೊಚಗುಟ್ಟಿ, "ಅಷ್ಟು ಜಾಸ್ತಿ ಆಗೋಯ್ತಾ?" ಅಂದರು. ಅದು ಮಾತ್ರ ನಾಟಿತು. ಆಮೇಲೆ ಮೊಣಕೈ ತನಕದ ತೋಳಿನವು ಹೊಲಿದುಕೊಂಡೆ.

ಆ ಉದ್ದ ತೋಳೇ ಎಡವಟ್ಟು ಮಾಡಿತು. ಬಿಗಿಯಾದ ತೋಳು ತೆಗೆಯುವಾಗ ಸೆನ್ಸರ್ ಕಿತ್ತು ಬಂತು, ಇನ್ನೂ ದಿನ ಬಾಕಿ ಇರುವಾಗಲೇ. ಕಸ್ಟಮರ್ ಕೇರಿಗೆ ಫೋನ್ ಮಾಡಿದರೆ ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ. ಕನ್ನಡದವರು ಬೇಕು ಅಂತ ಹಟ ಹಿಡಿದ ಮೇಲೆ ಒಬ್ಬ ಹುಡುಗ ವಾಪಸ್ ಫೋನ್ ಮಾಡಿದ. ಪೆಟ್ಟಿಗೆ ಮೇಲಿನ ಸೀರಿಯಲ್ ನಂಬರ್, ಕಿತ್ತುಬಂದ ಸೆನ್ಸರಿನ ಫೋಟೊ ಕೇಳಿದರು. ನನ್ನ ಹತ್ತಿರ ಎರಡೂ ಇದ್ದವು. ವಾರ ಕಳೆದು ಬೇರೆಯದು ಬಂತು. ಪೆಟ್ಟಿಗೆ ಎಸೆದಿದ್ದರೆ ದುಡ್ಡು ಗೋವಿಂದ. ಅಂಟಿನ ಮೇಲೆ ಒಂದು ಪದರ ಮೆಡಿಕಲ್ ಟೇಪ್ ಹಾಕಿದರೆ ಗಟ್ಟಿ ನಿಲ್ಲುತ್ತದೆ, ನಡುವಿನ ತೂತು ಮಾತ್ರ ಮುಚ್ಚಬೇಡಿ.

ದುಡ್ಡಿನ ಲೆಕ್ಕ. ಮಾತ್ರೆಗೇ ಮೊದಲು ತಿಂಗಳಿಗೆ 1,200ರ ಹತ್ತಿರ ಆಗುತ್ತಿತ್ತು. ಡಾಕ್ಟರನ್ನು ಕೇಳಿಕೊಂಡು ಸಿಟಾಗ್ಲಿಪ್ಟಿನ್-ಮೆಟ್‌ಫಾರ್ಮಿನ್ ಮಾತ್ರೆಯನ್ನು ಜನೌಷಧಿಗೆ ಬದಲಿಸಿದೆ. ಸಿಟಾಗ್ಲಿಪ್ಟಿನ್ ಪೇಟೆಂಟ್ ಮುಗಿದ 2022ರಲ್ಲಿ ಅದು ಜನೌಷಧಿಗೆ ಬಂತು, 50 ಮಿ.ಗ್ರಾಂ ಸಿಟಾಗ್ಲಿಪ್ಟಿನ್, 500 ಮಿ.ಗ್ರಾಂ ಮೆಟ್‌ಫಾರ್ಮಿನ್ ಇರುವ ಹತ್ತು ಮಾತ್ರೆಗೆ 65 ರೂಪಾಯಿಯಂತೆ. ಅಲ್ಲಿ ತಿಂಗಳಿಗೆ ಎಂಟುನೂರು ಉಳಿಯಿತು. ಇನ್ಸುಲಿನ್, ಪೆನ್ನಿನ ಸೂಜಿ ಸೇರಿ ಸಾವಿರ. ಸ್ಟ್ರಿಪ್ ಒಂದಕ್ಕೆ ಇಪ್ಪತ್ತು ರೂಪಾಯಿ ಹತ್ತಿರ. ಮೀಟರನ್ನು ಅಗ್ಗಕ್ಕೆ ಕೊಟ್ಟು ಸ್ಟ್ರಿಪ್ಪಿನಲ್ಲಿ ಹಿಂಡುತ್ತಾರೆ, ಅದು ಎಲ್ಲರಿಗೂ ಗೊತ್ತು. 2025ರ ಸೆಪ್ಟೆಂಬರ್ 22ರಿಂದ ಮೀಟರು, ಸ್ಟ್ರಿಪ್ಪಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಇಳಿದಷ್ಟು ಇಳಿಯಲಿ. ಇದರ ಮೇಲೆ ಮೂರು ತಿಂಗಳಿಗೊಮ್ಮೆ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ, ವರ್ಷಕ್ಕೊಮ್ಮೆ ಕಣ್ಣು, ಕಿಡ್ನಿ ಟೆಸ್ಟು.

ಇಷ್ಟರ ಜೊತೆ ತಿಂಗಳಿಗೆ ಎರಡು ಸೆನ್ಸರ್, ಹತ್ತು ಸಾವಿರ, ನಮ್ಮಂಥವರ ಕೈಲಿ ಆಗುವ ಮಾತಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ನಮಗಿದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಆದರೆ ಅದು ಆಸ್ಪತ್ರೆಗೆ ಸೇರಿದಾಗಿನ ಚಿಕಿತ್ಸೆಗೆ. ಆಸ್ಪತ್ರೆಗೆ ಸೇರದ ಹಾಗೆ ನೋಡಿಕೊಳ್ಳುವ ಸ್ಟ್ರಿಪ್ಪಿಗೆ, ಸೆನ್ಸರಿಗೆ ನಮ್ಮ ಜೇಬೇ ಗತಿ. ಸರ್ಕಾರಿ ಆಸ್ಪತ್ರೆಯಲ್ಲಿ ಮೆಟ್‌ಫಾರ್ಮಿನ್ ಥರದ ಮಾತ್ರೆ ಪುಕ್ಕಟೆ ಸಿಗುತ್ತದೆ. ಸಾಲಿನಲ್ಲಿ ನಿಂತು ಬರುವ ಹೊತ್ತಿಗೆ ಒಂದು ಬ್ಲೌಸ್ ಹೋಗಿರುತ್ತದೆ, ಆದರೂ ಲಾಭವೇ. ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಇಷ್ಟು ಗಿರಾಕಿ ಇದ್ದೂ ಬೆಲೆ ಇಳಿಸುವುದಿಲ್ಲ ಅಂದರೆ ಏನು ಹೇಳೋಣ! ನಾನು ಹತ್ತು ಬ್ಲೌಸ್ ಒಟ್ಟಿಗೆ ತಂದವರಿಗೆ ಐವತ್ತು ಬಿಡುತ್ತೇನಪ್ಪ.

ಯಾರು ಕೊಳ್ಳಬಹುದು? ಟೈಪ್ 1 (ಮೈಯಲ್ಲಿ ಇನ್ಸುಲಿನ್ನೇ ಹುಟ್ಟದ ಸಕ್ಕರೆ ಕಾಯಿಲೆ) ಇರುವ ಮಕ್ಕಳಿಗೆ, ದಿನಕ್ಕೆ ಮೂರು ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಲೋ ಆದರೂ ಗೊತ್ತಾಗದೇ ಇರುವವರಿಗೆ ಇದು ಷೋಕಿಯಲ್ಲ, ಬೇಕೇ ಬೇಕು. ಅಂಥ ಮಕ್ಕಳ ತಂದೆ ತಾಯಿ ಈ ದುಡ್ಡನ್ನು ತಿಂಗಳು ತಿಂಗಳೂ ಹೇಗೆ ಹೊಂದಿಸುತ್ತಾರೋ ನೆನೆಸಿದರೆ ಹೊಟ್ಟೆ ಕಲಸುತ್ತದೆ. ಒಂದೇ ಮಾತ್ರೆಯಲ್ಲಿ ಶುಗರ್ ಹಿಡಿತದಲ್ಲಿರುವವರು ಪಕ್ಕದ ಮನೆಯವರು ಹಾಕಿದರು ಅಂತ ಹಾಕಿಕೊಳ್ಳಬೇಡಿ. ನನ್ನಂಥವರು, ಡಾಕ್ಟರ ಹತ್ತಿರ ಔಷಧಿ ಬದಲಿಸುವ ಮಾತು ಬಂದಾಗ ಒಂದು ಹಾಕಿಸಿಕೊಂಡು, ಆ ಎರಡು ವಾರ ತಿಂದದ್ದನ್ನೆಲ್ಲ ಬರೆದಿಟ್ಟುಕೊಂಡರೆ ಸಾಕು. ಶುಗರ್ 70ರಿಂದ 180ರ ನಡುವೆ ಶೇ 70ಕ್ಕಿಂತ ಜಾಸ್ತಿ ಹೊತ್ತು ಇರಬೇಕು ಅನ್ನುತ್ತಾರೆ. ನನ್ನದು ಶೇ 58 ಬಂತು. ಮುಂದಿನದನ್ನು ಮದುವೆ ಸೀಸನ್ ಮುಗಿದ ಮೇಲೆ ನನ್ನ ದುಡ್ಡಿನಲ್ಲೇ ತರಿಸುತ್ತೇನೆ ಅಂತ ಮಗಳಿಗೆ ಹೇಳಿದ್ದೇನೆ. ಅವಳು ಒಪ್ಪಿಲ್ಲ.

ಐದಕ್ಕೆ ಮೂರೂವರೆ ಮಾರ್ಕು. ಕಳೆದ ಒಂದೂವರೆಯಲ್ಲಿ ಒಂದು ಬೆಲೆಗೆ, ಅರ್ಧ ಆ ಕಸ್ಟಮರ್ ಕೇರಿಗೆ. ತೆಗೆಯುವಾಗ ಎಳೆಯಬೇಡಿ, ಅಂಚಿಗೆ ಕೊಬ್ಬರಿ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಬಿಡುತ್ತದೆ. ಅಪ್ಲಿಕೇಟರಿನ ಒಳಗೆ ಸೂಜಿ ಇರುತ್ತದೆ, ಕಸದ ಗಾಡಿಗೆ ಹಾಗೇ ಹಾಕಬೇಡಿ. ನಾನು ಪೆನ್ನಿನ ಸೂಜಿಗಳ ಜೊತೆ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿಟ್ಟು, ಡಾಕ್ಟರ ಹತ್ತಿರ ಹೋದಾಗ ಅಲ್ಲೇ ಕೊಟ್ಟು ಬರುತ್ತೇನೆ.